ಮಹಾದೇವಿಯ ಪೈಕಿ

ಗುಳೇದಗುಡ್ಡದಲ್ಲಿ ಮಹಾದೇವಿಯ ಮನೆಯ ಮುಂದಿನ ಕಟ್ಟೆ ಎಂದರೆ ಅರ್ಧ ಓಣಿ ಬಂದು ಕೂರುವ ಜಾಗ. ಗಿರಣಿಗೆ ಜೋಳ ಒಯ್ಯುವವರು, ಮಗ್ಗಕ್ಕೆ ನೂಲು ತರಲು ಹೊರಟವರು, ಸುಮ್ಮನೆ ಹೊತ್ತು ಹೋಗದವರು, ಎಲ್ಲರೂ ಅಲ್ಲಿ ನಿಂತು ನಾಲ್ಕು ಮಾತಾಡಿಯೇ ಮುಂದೆ ಹೋಗುತ್ತಿದ್ದರು. ಮಾತಿಲ್ಲದಿದ್ದರೆ ಮಹಾದೇವಿಗೆ ಉಂಡ ರೊಟ್ಟಿ ಅರಗುತ್ತಿರಲಿಲ್ಲ. ಇಂಥ ಹೆಂಗಸನ್ನು ಗಂಡ ಇರಣ್ಣ 2008ರ ಬೇಸಿಗೆಯಲ್ಲಿ, ಬ್ಯಾಂಕಿನವರು ವರ್ಗ ಮಾಡಿದ್ದಾರೆ ಎಂದು, ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಆರನೇ ಮಹಡಿಗೆ ತಂದು ಇಳಿಸಿದ.

ಬೆಂಗಳೂರು ಅಂದರೆ ನಮ್ಮದೇ ರಾಜಧಾನಿ, ಭಾಷೆಯ ತೊಂದರೆ ಇಲ್ಲ ಎಂದುಕೊಂಡೇ ಅವಳು ಬಂದದ್ದು. ಬಂದ ಮಾರನೆಯ ದಿನ ಗೇಟಿನ ಹೊರಗೆ ತರಕಾರಿ ಗಾಡಿ ನಿಂತದ್ದು ಕಂಡು ಚೀಲ ಹಿಡಿದು ಇಳಿದಳು. ಗಾಡಿಯವಳು ಬೈರಮ್ಮ. ಪಕ್ಕದ ಹಗದೂರಿನವಳು. ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುವುದಕ್ಕೆ ಎಷ್ಟೋ ಮುಂಚಿನಿಂದ ಅವಳ ವಂಶ ಆ ಊರಲ್ಲಿತ್ತು. ಮಹಾದೇವಿ ಉಳ್ಳಾಗಡ್ಡಿ ಕೇಳಿದಳು. ಬೈರಮ್ಮ ಒಂದು ಗಳಿಗೆ ಯೋಚಿಸಿ, ಗಡ್ಡೆಕೋಸು ತೆಗೆದು ತಕ್ಕಡಿಗೆ ಹಾಕಿದಳು. ಅದಲ್ಲ, ಉಳ್ಳಾಗಡ್ಡಿ, ಎಂದು ಮಹಾದೇವಿ ಮತ್ತೆ ಹೇಳಿದಳು. ಬೈರಮ್ಮ ಆಲೂಗಡ್ಡೆ ತೋರಿಸಿದಳು. ಕೊನೆಗೆ ಗಾಡಿಯ ಮೂಲೆಯಲ್ಲಿದ್ದ ಈರುಳ್ಳಿ ರಾಶಿಯನ್ನು ಮಹಾದೇವಿ ಬೆರಳಿನಿಂದ ತೋರಿಸಿದಾಗ ಬೈರಮ್ಮ ಹಣೆ ಚಚ್ಚಿಕೊಂಡು, ನೀವು ಆಂಧ್ರದ ಕಡೆಯೋರಾ ಎಂದು ಕೇಳಿದಳು.

ಮಹಾದೇವಿಗೆ ಆ ಮಾತು ನಾಟಿತು. ಆಮೇಲೆ ಅಂಥವು ಒಂದೊಂದಾಗಿ ಬಂದವು. ಲಿಫ್ಟಿನಲ್ಲಿ ಅವಳು ಮಾತಾಡಿಸಿದರೆ ಜನ ಹಿಂದಿಯಲ್ಲಿ ಉತ್ತರ ಕೊಟ್ಟರು. ಅಸೋಸಿಯೇಷನ್ನಿನ ಕಾರ್ಯದರ್ಶಿ ಮಂಜುಶ್ರೀ ಮಾತ್ರ ಕನ್ನಡದವಳು, ಆದರೆ ಅವಳು ಕೂಡ ಒಮ್ಮೆ ನಗುತ್ತಾ, ನಿಮ್ಮ ಕಡೆಯವರು ಪ್ರೀತಿಯಿಂದ ಮಾತಾಡಿದರೂ ಜಗಳ ಆಡಿದ ಹಾಗೇ ಕೇಳುತ್ತೆ ಅಂದಿದ್ದಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಅಂದಿನಿಂದ ಮಹಾದೇವಿ ದನಿ ಇಳಿಸಿದಳು. ಬರಬರುತ್ತಾ ಮಾತೇ ಇಳಿಯಿತು. ಮಗಳು ಸ್ಫೂರ್ತಿ ಧಾರವಾಡದ ಹಾಸ್ಟೆಲಿನಲ್ಲಿದ್ದಳು. ಇರಣ್ಣ ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಎದುರು ಫ್ಲ್ಯಾಟಿಗೆ ಯಾರೋ ಪರದೇಶದವರು ಬಂದಿದ್ದಾರೆಂದು ಬಾಗಿಲ ಮುಂದಿನ ಚಪ್ಪಲಿ ನೋಡಿ ಗೊತ್ತಾಗಿತ್ತು. ಆ ಬಾಗಿಲು ಯಾವಾಗಲೂ ಮುಚ್ಚಿಯೇ ಇರುತ್ತಿತ್ತು.

ಮರುವರ್ಷ ಮಾಘದಲ್ಲಿ ತವರಿನಿಂದ ಅಣ್ಣ ಬಸ್ಸಿಗೆ ಹಾಕಿ ಕಳಿಸಿದ ಹಣ್ಣುಮೆಣಸಿನಕಾಯಿ ಬಂತು. ಕೆಂಪಗೆ, ರಸ ತುಂಬಿದ ಕಾಯಿ. ಮಹಾದೇವಿಗೆ ಬಹಳ ದಿನಗಳ ಮೇಲೆ ಕೈಗೆ ಕೆಲಸ ಸಿಕ್ಕಿತು. ಬಳ್ಳೊಳ್ಳಿ, ಉಪ್ಪು, ಲಿಂಬೆಹಣ್ಣು ಎಲ್ಲ ಜೋಡಿಸಿಕೊಂಡು ಬಾಲ್ಕನಿಯಲ್ಲಿ ಕೂತು ಕಲ್ಲಿನಲ್ಲಿ ರಂಜಕ ರುಬ್ಬತೊಡಗಿದಳು. ರಂಜಕವೆಂದರೆ ಆ ಕಡೆಯವರ ಕೆಂಪು ಚಟ್ನಿ. ರೊಟ್ಟಿಗೆ ಹಚ್ಚಿಕೊಂಡರೆ ಕಿವಿಯಲ್ಲಿ ಹೊಗೆ ಬರಬೇಕು. ಅರ್ಧ ರುಬ್ಬುವಷ್ಟರಲ್ಲಿ ಮೇಲಿನ ಮಹಡಿಯಲ್ಲಿ ಯಾರೋ ಕೆಮ್ಮಿದರು. ಕೆಳಗಿನ ಮಹಡಿಯಲ್ಲಿ ಸೀನಿದರು. ಕಾಲುಗಂಟೆಗೆಲ್ಲ ಕರೆಗಂಟೆ ಸದ್ದು ಮಾಡಿತು.

ಮಹಾದೇವಿ ಬಾಗಿಲು ತೆಗೆದರೆ ಮಂಜುಶ್ರೀ ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ದೂರು ಬಂದದ್ದು ನಿಜ, ಆದರೆ ಯಾರ ಮನೆಯ ವಾಸನೆ ಎಂದು ಅವಳಿಗೂ ತಿಳಿಯುತ್ತಿರಲಿಲ್ಲ. ಒಂದು ಕಡೆಯಿಂದ ಖಾರದ ಘಾಟು, ಇನ್ನೊಂದು ಕಡೆಯಿಂದ ಹುಳಿ ಹುಳಿಯಾದ ಬೇರೆಯೇ ವಾಸನೆ. ಅದಕ್ಕೆ ಅವಳು ಎದುರು ಮನೆಯ ಗಂಟೆಯನ್ನೂ ಒತ್ತಿದಳು. ಮುಚ್ಚಿಯೇ ಇರುತ್ತಿದ್ದ ಬಾಗಿಲು ತೆರೆಯಿತು. ದುಂಡು ಮುಖದ, ಗಿಡ್ಡ ಕೂದಲಿನ ಹೆಂಗಸೊಬ್ಬಳು ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದಳು. ಮಣಿಕಟ್ಟಿನ ತನಕ ಕೆಂಪು. ಮಹಾದೇವಿ ತನ್ನ ಕೈ ನೋಡಿಕೊಂಡಳು. ಅವೂ ಮಣಿಕಟ್ಟಿನ ತನಕ ಕೆಂಪು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡಿದರು. ಮಂಜುಶ್ರೀ ನಡುವೆ ನಿಂತು ಅಸೋಸಿಯೇಷನ್ನಿನ ನಿಯಮ ಹೇಳಲು ಬಾಯಿ ತೆಗೆದವಳು ಸಾಲಾಗಿ ಸೀನಿದಳು. ಮೊದಲು ನಕ್ಕವಳು ಆ ಪರದೇಶದವಳು. ಮಹಾದೇವಿಗೂ ತಡೆಯಲಾಗಲಿಲ್ಲ. ಆ ಕಟ್ಟಡಕ್ಕೆ ಬಂದ ಮೇಲೆ ಅವಳು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು.

ಇನ್ನು ಮುಂದೆ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು ಮಾಡುತ್ತೇವೆಂದು ಇಬ್ಬರೂ ಒಪ್ಪಿಕೊಂಡ ಮೇಲೆ ಮಂಜುಶ್ರೀ ಹೋದಳು. ಎದುರು ಮನೆಯವಳು ಮಾತ್ರ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ತುಂಡು ಇಂಗ್ಲಿಷಿನಲ್ಲಿ, ನಿನ್ನ ವಯಸ್ಸೆಷ್ಟು ಎಂದು ಕೇಳಿದಳು. ಬೆಂಗಳೂರಿನಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ. ಮಹಾದೇವಿಗೆ ಊರಿನ ಕಟ್ಟೆ ನೆನಪಾಗಿ ಜೀವ ತಂಪಾಯಿತು. ಹೇಳಿದಳು. ಮಹಾದೇವಿಯೇ ಎರಡು ವರ್ಷಕ್ಕೆ ದೊಡ್ಡವಳೆಂದು ಲೆಕ್ಕ ಸಿಕ್ಕಿತು. ಆ ಹೆಂಗಸು ಸೊಂಟ ಬಗ್ಗಿಸಿ ನಮಸ್ಕರಿಸಿ, ನಮ್ಮಲ್ಲಿ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ನಿಮ್ಮಲ್ಲಿ ಏನನ್ನುತ್ತಾರೆ ಎಂದು ವಿಚಾರಿಸಿದಳು. ಅಕ್ಕ ಅನ್ನುತ್ತಾರೆ ಎಂದಳು ಮಹಾದೇವಿ. ಅವಳು ಕಲಿತ ಮೊದಲ ಕನ್ನಡ ಮಾತು ಅದು.

ಅವಳ ಹೆಸರು ಓಕ್‌ಸೂನ್. ಕೊರಿಯಾದವಳು. ಗಂಡನ ಹೆಸರು ಪಾರ್ಕ್, ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರು. ಕಂಪನಿ ಕಳಿಸಿದಲ್ಲಿಗೆ ಹೋಗಬೇಕು. ಮೊದಲು ನೋಯ್ಡಾದಲ್ಲಿದ್ದರು. ಅಲ್ಲಿ ಓಕ್‌ಸೂನ್ ಕಷ್ಟಪಟ್ಟು ಭೈಯಾ, ಕಿತನಾ, ನಹೀ ಕಲಿತು, ಹಾಲಿನವನ ಜೊತೆ ಜಗಳ ಆಡುವಷ್ಟು ಹಿಂದಿ ಬಂತು ಅನ್ನುವಷ್ಟರಲ್ಲಿ ಚೆನ್ನೈಗೆ ಹೋಗಬೇಕಾಯಿತು. ಅಲ್ಲಿ ಹಿಂದಿ ಆಡಿದರೆ ಜನ ಮುಖ ತಿರುಗಿಸಿದರು. ಮತ್ತೆ ಮೊದಲಿನಿಂದ ವೇಂಡಾಂ, ಪೋದುಂ ಕಲಿತಳು. ಮೀನಿನ ಮಾರುಕಟ್ಟೆಯಲ್ಲಿ ಹೆಸರು ಹಿಡಿದು ಕರೆಯುವ ಗೆಳತಿಯರಾದರು. ಅಷ್ಟರಲ್ಲಿ ಬೆಂಗಳೂರು. ಇಲ್ಲಿ ಯಾರ ಹತ್ತಿರ ಯಾವ ಭಾಷೆ ಆಡಬೇಕೆಂದೇ ತಿಳಿಯದೆ ಬಾಗಿಲು ಹಾಕಿಕೊಂಡು ಕೂತಿದ್ದಳು. ಇಂಡಿಯಾ ಒಂದು ದೇಶ ಎಂದು ಕೇಳಿ ಬಂದಿದ್ದೆ, ಪ್ರತಿಸಲ ಬೇರೆ ದೇಶಕ್ಕೆ ಬಂದ ಹಾಗಾಗುತ್ತದೆ ಎಂದು ಅವಳು ಹೇಳಿದಾಗ ಮಹಾದೇವಿ, ನನಗೂ ಹಾಗೇ ಆಗಿದೆ ಎಂದಳು.

ಅಂದಿನಿಂದ ಎದುರುಬದುರು ಬಾಗಿಲುಗಳು ಹಗಲೆಲ್ಲ ತೆರೆದಿರತೊಡಗಿದವು. ಇಬ್ಬರ ಇಂಗ್ಲಿಷೂ ಕುಂಟುವಂಥದ್ದೇ. ಹಾಗಾಗಿ ಮಹಾದೇವಿ ಕನ್ನಡವನ್ನೇ ಕಲಿಸಲು ಹೊರಟಳು. ಪಾಠವೇನಿಲ್ಲ. ರೊಟ್ಟಿ ಬಡಿಯುತ್ತಾ ಮಾತಾಡುವುದು, ಅವಳು ಅಂದದ್ದನ್ನು ಇವಳು ಅನ್ನುವುದು. ಮಹಾದೇವಿ ಎದೆ ಮುಟ್ಟಿಕೊಂಡು ‘ನಾ’ ಎಂದಳು, ಅವಳ ಕಡೆ ಬೆರಳು ಮಾಡಿ ‘ನೀ’ ಎಂದಳು. ಓಕ್‌ಸೂನ್ ಕೈಲಿದ್ದ ಹಿಟ್ಟು ಕೆಳಗಿಟ್ಟು ಕಣ್ಣರಳಿಸಿದಳು. ಅವರ ಮಾತಿನಲ್ಲೂ ನಾ ಅಂದರೆ ನಾನು, ನೀ ಅಂದರೆ ನೀನು. ಅಪ್ಪನಿಗೆ ಅಪ್ಪಾ ಎಂದೇ ಅನ್ನುತ್ತಾರೆ, ಅಮ್ಮನಿಗೆ ಒಮ್ಮಾ. ಸಂಜೆ ಇರಣ್ಣ ಬರುವುದನ್ನೇ ಕಾಯುತ್ತಿದ್ದ ಮಹಾದೇವಿ ಬಾಗಿಲಲ್ಲೇ ಇದನ್ನು ಹೇಳಿದಳು. ಹಂಗಾದ್ರ ಹಿಂದ ಯಾವಾಗೋ ನಮ್ಮ ಓಣ್ಯಾಗಿಂದ ಯಾರೋ ಹಡಗ ಹತ್ತಿ ಹೋಗಿರಬೇಕ ಬಿಡು ಎಂದು ಅವನು ಚಪ್ಪಲಿ ಬಿಟ್ಟ.

ಎಲ್ಲಕ್ಕಿಂತ ಓಕ್‌ಸೂನಳಿಗೆ ಹಿಡಿಸಿದ್ದು ‘ರೀ’. ಅವರ ಕಡೆ ಮಾತಿನ ಕೊನೆಗೆ ‘ಯೋ’ ಎಂದು ಸೇರಿಸದಿದ್ದರೆ ಮರ್ಯಾದೆ ಇಲ್ಲದ ಹಾಗಂತೆ. ನೋಯ್ಡಾದಲ್ಲಿ, ಚೆನ್ನೈಯಲ್ಲಿ ಇಷ್ಟು ದಿನ ಎಲ್ಲರ ಜೊತೆ ಮೊಂಡು ಮೊಂಡಾಗಿ ಮಾತಾಡಿದ ಹಾಗೆ ಅವಳಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಈಗ ‘ರೀ’ ಸಿಕ್ಕಿತು. ಎಲ್ಲದಕ್ಕೂ ಹಚ್ಚಿದಳು. ಬರ್ತೀನ್ರೀ, ಸಾಕ್ರೀ, ಹೌದಲ್ರೀ. ಅಡುಗೆಮನೆಗೆ ಬಂದ ಬೆಕ್ಕಿಗೂ ಹೋಗ್ರೀ ಎಂದಳು.

ನಡುವೆ ಒಂದು ಕೆಟ್ಟ ದಿನವೂ ಬಂತು. ಓಕ್‌ಸೂನ್ ಎಲೆಕೋಸನ್ನು ಖಾರದಲ್ಲಿ ಹುಳಿ ಬರಿಸಿ ಇಡುವ ಅವರ ಉಪ್ಪಿನಕಾಯಿ ಕಿಮ್ಚಿಯನ್ನು ತಟ್ಟೆಯ ತುಂಬ ತಂದುಕೊಟ್ಟಿದ್ದಳು. ಮಹಾದೇವಿ ಬಿಸಿ ರೊಟ್ಟಿಗೆ ಅದನ್ನು ನೆಂಚಿಕೊಂಡು ಉಂಡಳು, ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಆಮೇಲೆ, ಏನೇನು ಹಾಕುತ್ತೀ ಎಂದು ವಿಚಾರಿಸಿದಾಗ ಓಕ್‌ಸೂನ್ ಒಂದು ಬಾಟಲಿ ತಂದು ತೋರಿಸಿದಳು. ಬಾಟಲಿಯ ಮೇಲೆ ಮೀನಿನ ಚಿತ್ರವಿತ್ತು. ಮಹಾದೇವಿ ಎದ್ದು ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಹುಟ್ಟಿದಾಗಿನಿಂದ ಮೀನು ಮುಟ್ಟಿದ ಮನೆಯಲ್ಲ. ತಲೆಗೆ ನೀರು ಹಾಕಿಕೊಂಡು, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಸಿಟ್ಟು ಬಂದಿರಲಿಲ್ಲ. ಸಿಕ್ಕ ಒಬ್ಬ ಗೆಳತಿಯ ಮುಖವನ್ನು ಮತ್ತೆ ಹೇಗೆ ನೋಡುವುದೆಂಬ ದುಃಖವಿತ್ತು. ಇರಣ್ಣ ಬಂದು ಎಲ್ಲ ಕೇಳಿಸಿಕೊಂಡು ಹೇಳಿದ:

“ತಿಳೀದ ತಿಂದೀ, ಶಿವಗ ಗೊತ್ತೈತಿ. ಆದ್ರ ಆಕಿಗೆ ಹೋಗಿ ಹೇಳಿ ಬಾ. ಹೇಳದ ಮನಸಿನಾಗ ಇಟ್ಕೊಂಡು ಕುಂತ್ರ ಅದು ಮೀನಿಗಿಂತ ಹೆಚ್ಚ ನಾರತೈತಿ.”

ಮಹಾದೇವಿ ಹೋಗಿ ಹೇಳಿದಳು. ಓಕ್‌ಸೂನಳ ಮುಖ ಬಿಳುಪೇರಿತು. ಸೊಂಟ ಬಗ್ಗಿಸಿದಳು, ಎದ್ದಳು, ಮತ್ತೆ ಬಗ್ಗಿಸಿದಳು. ಮಹಾದೇವಿಯೇ ಅವಳ ಭುಜ ಹಿಡಿದು ನಿಲ್ಲಿಸಬೇಕಾಯಿತು. ಆ ವಾರವೇ ಓಕ್‌ಸೂನ್ ಹೊಸ ಭರಣಿ ತಂದು, ತಮ್ಮ ಕಡೆ ಗುಡ್ಡದ ಮೇಲಿನ ಬೌದ್ಧ ಸನ್ಯಾಸಿಗಳು ತಿನ್ನುವಂಥದ್ದು ಎಂದು, ಮೀನಿಲ್ಲದ ಕಿಮ್ಚಿ ಮಾಡಿದಳು. ಸನ್ಯಾಸಿಗಳು ಬಳ್ಳೊಳ್ಳಿಯನ್ನೂ ತಿನ್ನುವುದಿಲ್ಲವಂತೆ. ಮಹಾದೇವಿ ರುಚಿ ನೋಡಿ, ಇದು ಸಪ್ಪಗಾಯಿತು, ನಾನೇನು ಸನ್ಯಾಸಿ ಆಗಿಲ್ಲ ಎಂದು ಎದ್ದು ಹೋಗಿ ಬಳ್ಳೊಳ್ಳಿ ಸುಲಿದು ತಂದಳು. ಆ ಭರಣಿಯ ಮುಚ್ಚಳಕ್ಕೆ ಓಕ್‌ಸೂನ್ ಒಂದು ಕೆಂಪು ದಾರ ಕಟ್ಟಿಟ್ಟಳು. ಅದು ಅಕ್ಕನದು, ಅದಕ್ಕೆ ಮನೆಯಲ್ಲಿ ಬೇರೆ ಚಮಚ ಹೋಗಕೂಡದು.

ಮಳೆಗಾಲ ಬರುವ ಹೊತ್ತಿಗೆ ಓಕ್‌ಸೂನ್ ಒಬ್ಬಳೇ ಗೇಟಿಗೆ ಇಳಿದು ತರಕಾರಿ ತರಲು ಹೊರಟಳು. ಮಹಾದೇವಿ ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದಳು. ಬೈರಮ್ಮ ಪರದೇಶದವಳನ್ನು ಕಂಡು, ಬಂದಷ್ಟು ಹಿಂದಿಯಲ್ಲಿ ಏನೋ ಅಂದಳು. ಓಕ್‌ಸೂನ್ ಗಾಡಿಯ ಮೇಲೆ ಕೈ ಆಡಿಸುತ್ತಾ, “ಯಕ್ಕಾ, ಉಳ್ಳಾಗಡ್ಡಿ ಹ್ಯಾಂಗ್ ಕೊಟ್ರೀ? ಬದ್ನೀಕಾಯಿ ಭಾಳ ಬಲತಾವಲ್ರೀ” ಅಂದಳು. ಬೈರಮ್ಮನ ಕೈಲಿದ್ದ ತಕ್ಕಡಿ ಅಲ್ಲೇ ನಿಂತಿತು. ಅವಳು ತಲೆಯೆತ್ತಿ ಆರನೇ ಮಹಡಿಯ ಬಾಲ್ಕನಿ ಹುಡುಕಿ, ಮಹಾದೇವಿಯನ್ನು ಕಂಡು ಕೂಗಿದಳು:

“ಏನಮ್ಮೋ, ಇವಮ್ಮಂಗೂ ನಿಮ್ಮೂರ್ ಗಾಳಿ ಒಡದ್ಬುಟ್ಟೈತಲ್ಲ. ಒಬ್ರುದೇ ಅರ್ತ ಆಗ್ತಿರ್ಲಿಲ್ಲ, ಈಗ ಇಬ್ರಾದ್ರಿ.”

ಆದರೆ ಬೈರಮ್ಮನಿಗೆ ಅವಳೆಂದರೆ ಅಕ್ಕರೆಯಾಯಿತು. ಅಕ್ಸೂನಮ್ಮ ಎಂದು ಹೆಸರಿಟ್ಟಳು. ಅಕ್ಸೂನಮ್ಮನಿಗೆಂದು ಮೂಲಂಗಿಯನ್ನು ಸೊಪ್ಪು ಮುರಿಯದೆ ತೆಗೆದಿಡುತ್ತಿದ್ದಳು. ನಿಧಾನಕ್ಕೆ ತರಕಾರಿ ಗಾಡಿಯೇ ಮೂವರ ಕಟ್ಟೆಯಾಯಿತು. ಬೈರಮ್ಮನ ಮಗ ನರೇಶ್ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದ. ಅವನಿಗೆ ಹೆಣ್ಣು ಹುಡುಕುವ ವಿಚಾರ, ಮಾರತ್ತಹಳ್ಳಿಯ ಟ್ರಾಫಿಕ್ ಜಾಮಿನಲ್ಲಿ ಅವನು ಕಳೆಯುವ ಆಯುಸ್ಸು, ಎಲ್ಲ ಅಲ್ಲಿ ಚರ್ಚೆಯಾಗುತ್ತಿತ್ತು. ಮಹಾದೇವಿಗೆ ಮತ್ತೆ ದನಿ ಬಂತು.

ನವೆಂಬರಿನಲ್ಲಿ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ರಾಜ್ಯೋತ್ಸವ. ಮಂಜುಶ್ರೀ ಓಡಾಡಿ ಎಲ್ಲ ಏರ್ಪಾಟು ಮಾಡಿದ್ದಳು. ಪರದೇಶದವಳು ಕನ್ನಡ ಮಾತಾಡುತ್ತಾಳಂತೆ ಎಂಬ ಸುದ್ದಿ ಅವಳ ಕಿವಿಗೆ ಬಿದ್ದು, ವೇದಿಕೆಯ ಮೇಲೆ ನಮಸ್ಕಾರ ಅಂದರೆ ಸಾಕು ಎಂದು ಓಕ್‌ಸೂನಳನ್ನು ಕರೆದಳು. ಓಕ್‌ಸೂನ್ ನಮಸ್ಕಾರಕ್ಕೆ ನಿಲ್ಲಲಿಲ್ಲ. “ಎಲ್ಲಾರಿಗೂ ಶರಣ್ರೀ” ಎಂದು ಶುರು ಮಾಡಿ, ತಾನು ಎಲ್ಲಿಂದ ಬಂದೆ, ಗಂಡ ಏನು ಮಾಡುತ್ತಾನೆ, ಬೆಂಗಳೂರು ಭಾಳ ಚಲೋ ಐತಿ, ಮಳಿ ಬಂದ್ರ ಮಾತ್ರ ರಸ್ತಾದಾಗ ಈಸಬೇಕು ಎಂದೆಲ್ಲ ಹೇಳಿದಳು. ಜನ ಮೊದಲು ಬೆರಗಾದರು, ಆಮೇಲೆ ಚಪ್ಪಾಳೆ ತಟ್ಟಿದರು, ಆಮೇಲೆ ನಕ್ಕರು. ನಗು ಎಲ್ಲಿ ತಿರುಗಿತೆಂದು ಹೇಳುವುದು ಕಷ್ಟ. ಮುಂದಿನ ಸಾಲಿನ ಒಬ್ಬ ‘ಐತ್ರೀ ಐತ್ರೀ’ ಎಂದು ಅಣಕಿಸಿದ. ಯಾರೋ, ಪಾಪ, ಯಾರು ಇವರಿಗೆ ಹೀಗೆ ಕಲಿಸಿದ್ದು ಅಂದರು. ಮಂಜುಶ್ರೀ ಮೈಕು ತೆಗೆದುಕೊಂಡು, ಮುಂದಿನ ವರ್ಷ ನಮ್ಮ ಓಕ್‌ಸೂನ್ ಶುದ್ಧ ಕನ್ನಡದಲ್ಲಿ ಮಾತಾಡುತ್ತಾರೆ, ನಾನೇ ಕ್ಲಾಸು ತೆಗೆದುಕೊಳ್ಳುತ್ತೇನೆ ಎಂದಳು. ಮತ್ತೆ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಮಹಾದೇವಿ ಸೆರಗು ಸರಿಮಾಡಿಕೊಂಡು, ಯಾರಿಗೂ ಕಾಣದಂತೆ ಎದ್ದುಬಂದಳು.

ಮರುದಿನ ಓಕ್‌ಸೂನ್ ಎಂದಿನಂತೆ ಬಂದಾಗ ಮಹಾದೇವಿ ಬಾಗಿಲಲ್ಲೇ ನಿಂತು, “ನೀವು ಮಂಜುಶ್ರೀ ಅವರ ಬಳಿ ಕಲಿಯಿರಿ. ಅವರ ಭಾಷೆ ಚೆನ್ನಾಗಿದೆ” ಎಂದಳು. ಓಕ್‌ಸೂನ್ ಗಾಬರಿಯಾದಳು. ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಅಕ್ಕ ಯಾಕೆ ಮಾತಾಡುತ್ತಿದ್ದಾಳೆ, ಊರಿನಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು. ಏನಿಲ್ಲ, ತಲೆ ನೋಯುತ್ತಿದೆ ಎಂದು ಮಹಾದೇವಿ ಒಳಗೆ ಹೋದಳು. ಆ ಮಧ್ಯಾಹ್ನ ರೊಟ್ಟಿ ಬಡಿಯಲಿಲ್ಲ, ಅನ್ನ ಮಾಡಿದಳು. ತಾನು ಕಲಿಸಿದ್ದರಿಂದ ಅವಳು ನಗೆಪಾಟಲಾದಳಲ್ಲ ಎಂಬುದೇ ಕೊರೆಯುತ್ತಿತ್ತು.

ಓಕ್‌ಸೂನ್ ಹೇಳಿದ ಮಾತು ಕೇಳುವವಳು. ಮಂಜುಶ್ರೀಯ ಮನೆಗೆ ಹೋದಳು. ಎರಡು ದಿನದ ಮೇಲೆ ಸಂಜೆ ವಾಪಸು ಬಂದು, ಕರೆಯದೆಯೇ ಒಳಗೆ ನಡೆದು, ಅಡುಗೆಮನೆಯ ನೆಲದ ಮೇಲೆ ಮಹಾದೇವಿಯ ಎದುರು ಕೂತಳು.

“ಅಕ್ಕಾ, ನಾ ಒಂದ್ ಮಾತ್ ಹೇಳ್ತೀನ್ರೀ. ನಾ ಬುಸಾನ್‌ದಾಕಿ. ಅಲ್ಲೆ ಸಮುದ್ರ ಐತಿ, ಮಂದಿ ಜೋರ್ ಮಾತಾಡ್ತಾರ. ಮದಿವಿ ಆಗಿ ಸಿಯೋಲ್‌ಗೆ ಹೋದ್ನಿ. ಅಂಗಡ್ಯಾಗ ಮಾತಾಡಿದ್ರ ಮಂದಿ ನಕ್ಕರು. ಯಾಕ ಸಿಟ್ಟ್ ಮಾಡ್ತಿ ಅಂದ್ರು. ನಾ ಸಿಟ್ಟ್ ಮಾಡಿದ್ದಿಲ್ರೀ, ಸೋಯಾ ಕೇಳಿದ್ನಿ. ಆಮ್ಯಾಲ ಬಾಯಿ ಮುಚ್ಚಿದ್ನಿ. ಸಿಯೋಲ್ ಮಾತು ಕಲ್ತ್ನಿ. ಫೋನ್‌ನಾಗ ನಮ್ಮವ್ವ ಅಳ್ತಿದ್ಲು, ನೀ ಯಾರು, ನನ್ನ ಮಗಳಿಗೆ ಕೊಡು ಫೋನ್ ಅಂತಿದ್ಲು.”

ಮಹಾದೇವಿ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿದಳು. ಓಕ್‌ಸೂನ್ ಮುಂದುವರಿಸಿದಳು:

“ಮೊನ್ನೆ ಅವ್ರು ನಕ್ಕರು. ನಂಗ ಏನೂ ಆಗಲಿಲ್ಲ. ನೀವು ಬ್ಯಾರೆ ಮಾತಾಡಿದ್ರಿ. ಅದು ಬ್ಯಾಸರ ಆತು. ನಂಗ ನಿಮ್ಮ ಕನ್ನಡ ಬೇಕ್ರೀ. ಒಮ್ಮೆ ಬಿಟ್ಟೀನಿ. ಇನ್ನೊಮ್ಮೆ ಬಿಡಾಂಗಿಲ್ಲ.”

ಮಹಾದೇವಿಗೆ ಕಣ್ಣು ತುಂಬಿ ಬಂತು. ಹಿಟ್ಟಿನ ಕೈಯಲ್ಲಿ ಒರೆಸಿಕೊಳ್ಳಲೂ ಆಗದೆ, “ಸುಮ್ನ ಕುಂಡ್ರು, ರೊಟ್ಟಿ ತಿಂದು ಹೋಗು” ಎಂದಷ್ಟೇ ಅಂದಳು. ಆಮೇಲೆ ಉಣ್ಣುತ್ತಾ ಕೂತಾಗ ಮಂಜುಶ್ರೀಯ ಮನೆಯ ಕಥೆ ಹೊರಬಂತು. ಮೊದಲ ದಿನ ವ್ಯಾಕರಣವಾಗಿತ್ತು. ಎರಡನೆಯ ದಿನ ಓಕ್‌ಸೂನ್, ನಿಮ್ಮ ಅವ್ವ ಮನೆಯಲ್ಲಿ ಹೀಗೇ ಮಾತಾಡುತ್ತಾರಾ ಎಂದು ಕೇಳಿದಳಂತೆ. ಮಂಜುಶ್ರೀ, ಇಲ್ಲ, ನಮ್ಮದು ಕೊಳ್ಳೇಗಾಲದ ಹತ್ತಿರದ ಹಳ್ಳಿ, ನಮ್ಮ ಅಮ್ಮನ ಮಾತೇ ಬೇರೆ ಎಂದಳಂತೆ. ಹೇಗೆ, ಆಡಿ ತೋರಿಸಿ ಎಂದು ಇವಳು ಬಿಡಲಿಲ್ಲ. ಆಡಿ ತೋರಿಸಲು ಹೋದ ಮಂಜುಶ್ರೀ, ಅಮ್ಮ ಬಯ್ಯುವ ಧಾಟಿ, ಅಮ್ಮ ಮುದ್ದು ಮಾಡುವ ಧಾಟಿ ಎಲ್ಲ ನೆನಪಿಗೆ ಬಂದು, ಅರ್ಧ ಗಂಟೆ ಅದರಲ್ಲೇ ಮಾತಾಡಿದಳು. ಪಾಠ ಮರೆತೇ ಹೋಯಿತು. ಕೊನೆಯಲ್ಲಿ, ಮಹಾದೇವಿಯವರು ಅವತ್ತು ಮಧ್ಯದಲ್ಲೇ ಎದ್ದುಹೋದರಲ್ಲ, ಬೇಜಾರು ಮಾಡಿಕೊಂಡರಾ ಎಂದು ಕೇಳಿದಳಂತೆ.

ಅದೇ ಭಾನುವಾರ ಮಂಜುಶ್ರೀ ಬಂದಳು. ಕ್ಷಮೆ ಗಿಮೆ ಎಂದು ದೊಡ್ಡ ಮಾತೇನೂ ಆಡಲಿಲ್ಲ. ಒಂದು ಖಾಲಿ ಡಬ್ಬಿ ಮುಂದಿಟ್ಟು, ಅವತ್ತು ಸೀನಿಸಿದ ಆ ಚಟ್ನಿ ಇದೆಯಾ ಎಂದು ಕೇಳಿದಳು. ಮಹಾದೇವಿ ತುಂಬಿ ಕೊಟ್ಟಳು. ಮುಂದಿನ ರಾಜ್ಯೋತ್ಸವದಲ್ಲಿ ಶುದ್ಧ ಕನ್ನಡದ ಮಾತು ಯಾರೂ ಎತ್ತಲಿಲ್ಲ. ಮಂಜುಶ್ರೀಯೇ ಮೈಕಿನಲ್ಲಿ ಅಮ್ಮನ ಧಾಟಿಯಲ್ಲಿ ಎರಡು ಮಾತಾಡಿ, ಬೈರಮ್ಮನನ್ನೂ ಕರೆಸಿದ್ದಳು. ಬೈರಮ್ಮ ಮೈಕು ಕಂಡು ಹೆದರಿ, ಸೊಪ್ಪಿನ ಬೆಲೆ ಕೂಗಿ ಇಳಿದುಹೋದಳು.

2011ರಲ್ಲಿ ಮಹಾದೇವಿಯ ಅಣ್ಣನ ಮಗಳ ಮದುವೆ. ಗುಳೇದಗುಡ್ಡಕ್ಕೆ ಓಕ್‌ಸೂನಳನ್ನೂ ಕರೆದುಕೊಂಡು ಹೋದಳು. ಪಾರ್ಕ್‌ಗೆ ರಜೆ ಸಿಗಲಿಲ್ಲ. ಇಳಕಲ್ ಸೀರೆ, ಖಣದ ಕುಪ್ಪಸ ತೊಡಿಸಿ, ತಲೆ ಮೇಲೆ ಸೆರಗು ಹೊದಿಸಿದಾಗ ಓಕ್‌ಸೂನ್ ಕನ್ನಡಿಯ ಮುಂದಿನಿಂದ ಕದಲಲೇ ಇಲ್ಲ. ಮದುವೆಮನೆಯ ಹೆಂಗಸರು ಮೊದಲು ದೂರದಿಂದ ನೋಡಿದರು. ಮಾತು ಕೇಳಿದ ಮೇಲೆ ಹತ್ತಿರ ಸರಿದರು. ಒಂದು ತಾಸಿನಲ್ಲಿ ಅವಳು ಪಂಕ್ತಿಯಲ್ಲಿ ಗೋದಿಯ ಸಿಹಿ ಮಾದಲಿ ಬಡಿಸುತ್ತಾ, ಇನ್ನೊಂದೀಟು ಹಾಕ್ತೀನಿ, ಬ್ಯಾಡ ಅನಬ್ಯಾಡ್ರಿ ಎನ್ನುತ್ತಾ ನಡೆದಿದ್ದಳು.

ಮಹಾದೇವಿಯ ಸೋದರತ್ತೆ ಶಿವಲಿಂಗಮ್ಮನಿಗೆ ಕಣ್ಣು ಮಂಜು. ಊಟದ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದವಳು, ಓಕ್‌ಸೂನ್ ನೀರು ತಂದುಕೊಟ್ಟಾಗ ಕೈ ಹಿಡಿದು ಪಕ್ಕ ಕೂರಿಸಿಕೊಂಡಳು.

“ನೀ ಯಾರ ಪೈಕಿ ಯವ್ವಾ?”

ಓಕ್‌ಸೂನ್ ಈ ಪ್ರಶ್ನೆಯನ್ನು ಮೊದಲು ಕೇಳಿರಲಿಲ್ಲ. ಯಾರ ಕಡೆಯ ಬಳಗ ಎಂದು ಕೇಳುತ್ತಿದ್ದಾಳೆಂದು ಅಂದಾಜು ಮಾಡಿದಳು.

“ನಾ ಮಹಾದೇವಿ ಅಕ್ಕನ ಪೈಕಿ ರೀ.”

“ಹಂಗಾದ್ರ ನಮ್ಮಾಕಿನ ಆದಿ. ಯಾ ಊರು?”

“ಬುಸಾನ್ ರೀ.”

“ಅದೆಲ್ಲಿ ಬರ್ತೈತಿ, ವಿಜಾಪುರದ ಆಚಿಕಡೆ ಏನ?”

“ಹೌದ್ರೀ, ಆಚಿಕಡೆ” ಎಂದಳು ಓಕ್‌ಸೂನ್. ಮುದುಕಿ, ಅಷ್ಟು ದೂರದಿಂದ ಬಂದೀ, ಸೆರಗು ಒಡ್ಡು ಎಂದು ಉಡಿಯಲ್ಲಿ ಕೊಬ್ಬರಿ, ಬೆಲ್ಲ ಹಾಕಿದಳು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಮಹಾದೇವಿ ನಗಲೂ ಆಗದೆ, ಅಳಲೂ ಆಗದೆ ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಎತ್ತಿಟ್ಟಳು.

ಮರುವರ್ಷ ಪಾರ್ಕ್‌ಗೆ ಪುಣೆಗೆ ವರ್ಗವಾಯಿತು. ಇಬ್ಬರಿಗೂ ಇದು ಬರುತ್ತದೆಂದು ಗೊತ್ತಿತ್ತು, ಆದರೂ ಸಾಮಾನು ಕಟ್ಟುವ ದಿನ ಮಹಾದೇವಿ ಮನೆಯಿಂದ ಹೊರಗೇ ಬರಲಿಲ್ಲ. ಓಕ್‌ಸೂನಳೇ ಬಂದು ಕೂತಳು. ಮತ್ತೆ ಹೊಸ ಊರು, ಮತ್ತೆ ಮೂಕಿಯಾಗಬೇಕು ಎಂದು ಹೇಳಿಕೊಂಡಳು. ಬೈರಮ್ಮ ಗಾಡಿ ಬಿಟ್ಟು ಲಿಫ್ಟು ಹತ್ತಿ ಬಂದು, ಮೂಲಂಗಿಯ ದೊಡ್ಡ ಕಟ್ಟು ಕೊಟ್ಟು, ಅಲ್ಲಿ ಇಂಥದ್ದು ಸಿಗ್ತದೋ ಇಲ್ವೋ ಎಂದಳು. ಕಾರು ಹೊರಟ ಮೇಲೂ ಬಹಳ ಹೊತ್ತು ಅವಳು ಮಹಾದೇವಿಯ ಜೊತೆ ಗೇಟಿನಲ್ಲೇ ನಿಂತಿದ್ದಳು. ಅಷ್ಟೊತ್ತಿಗೆ ಅವರಿಬ್ಬರೂ ಒಬ್ಬರ ಮಾತಿನಲ್ಲಿ ಇನ್ನೊಬ್ಬರು ಅರ್ಧ ಮುಳುಗಿದ್ದರು. ಬೈರಮ್ಮ ಭಾಳ ಬ್ಯಾಸರ ಎಂದಳು. ಮಹಾದೇವಿ ಏನ್ ಮಾಡದು ಬುಡು ಎಂದಳು.

ಮೊದಲ ಕೆಲವು ವಾರ ಫೋನಿನಲ್ಲಿ ಓಕ್‌ಸೂನಳ ದನಿ ಸಣ್ಣಗಿತ್ತು. ಪುಣೆ ಚೆನ್ನಾಗಿದೆ, ಚಳಿ ಹಿತವಾಗಿದೆ, ಆದರೆ ಮರಾಠಿ ತಲೆಗೆ ಹೋಗುತ್ತಿಲ್ಲ ಎನ್ನುತ್ತಿದ್ದಳು. ಆಮೇಲೊಂದು ಬೆಳಿಗ್ಗೆ ಮಹಾದೇವಿ ಹೆಂಚಿನ ಮೇಲೆ ರೊಟ್ಟಿ ಹಾಕಿದಾಗಲೇ ಫೋನು ಬಂತು. ಓಕ್‌ಸೂನ್ ಏದುಸಿರು ಬಿಡುತ್ತಾ ಮಾತಾಡಿದಳು. ಅವಳ ಮನೆಯ ಪಕ್ಕ ಹೊಸ ಕಟ್ಟಡ ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವ ಹೆಂಗಸರು ಹಿಂದಿನ ದಿನ ನಲ್ಲಿಯ ಹತ್ತಿರ ನಿಂತಿದ್ದರು. ಅವರಲ್ಲೊಬ್ಬಳು ಇನ್ನೊಬ್ಬಳನ್ನು, ಇಲ್ಲಿ ಬಾರವಾ, ನೀರು ಬಂದೈತಿ ಎಂದು ಕರೆದದ್ದು ಇವಳ ಕಿವಿಗೆ ಬಿತ್ತು. ಇವಳು ಕಾಂಪೌಂಡಿನ ಮೇಲಿಂದಲೇ, ಯಾ ಊರ್ರೀ ನಿಮ್ದು ಎಂದು ಕೇಳಿದಳು. ಅವರು ಸುತ್ತ ನೋಡಿದರಂತೆ, ಯಾರು ಕೇಳಿದರೆಂದು ತಿಳಿಯದೆ. ಇವಳು ಮತ್ತೆ ಕೇಳಿದಾಗ ಒಬ್ಬಳ ಕೈಯಿಂದ ಕೊಡ ಜಾರಿತು.

“ಅಕ್ಕಾ, ಇಲ್ಲೆ ನಮ್ಮ ಮಂದಿ ಅದಾರ್ರೀ” ಎಂದಳು ಓಕ್‌ಸೂನ್.

ಮಹಾದೇವಿ ಒಲೆಯ ಉರಿಯನ್ನೂ ಸಣ್ಣದು ಮಾಡದೆ, ಯಾವ ಊರಿನವರಂತೆ, ಎಷ್ಟು ಮನೆಗಳಿವೆ, ಮಕ್ಕಳು ಮರಿ ಇದ್ದಾರಾ ಎಂದು ಒಂದೇ ಸಮನೆ ಕೇಳತೊಡಗಿದಳು. ಮುದ್ದೇಬಿಹಾಳದ ಕಡೆಯವರು. ಮೇಸ್ತ್ರಿ ಯಮನಪ್ಪ ಎಂಬಾತ ಕರೆತಂದದ್ದು. ಆಗಲೇ ಒಬ್ಬಳ ಕೂಸಿಗೆ ಜ್ವರವೆಂದು ಓಕ್‌ಸೂನ್ ಡಾಕ್ಟರ ಹತ್ತಿರ ಕರೆದೊಯ್ದು ಬಂದಿದ್ದಳು. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ತನ್ನ ಹಳೆಯ ನೋಯ್ಡಾ ಹಿಂದಿಯಿಂದ ತಿಳಿದು, ಆ ತಾಯಿಗೆ ಕನ್ನಡದಲ್ಲಿ ಹೇಳಿದ್ದಳು. ಸಂಜೆ ಅವರೆಲ್ಲ ಅವಳ ಮನೆಗೆ ಬರುವವರಿದ್ದರು. ಅಷ್ಟು ಜನಕ್ಕೆ ರೊಟ್ಟಿಗೆ ಎಷ್ಟು ಹಿಟ್ಟು ಬೇಕು, ಬಿಸಿನೀರು ಯಾವಾಗ ಹಾಕಬೇಕು ಎಂದು ಅವಳಿಗೆ ಈಗಲೇ ತಿಳಿಯಬೇಕಾಗಿತ್ತು. ಒಳಗಿಂದ ಇರಣ್ಣ, ರೊಟ್ಟಿ ಸೀಯುತ್ತಿದೆ ಎಂದು ಕೂಗಿದ. ಮಹಾದೇವಿ ಅವನ ಕಡೆ ಕೈ ಬೀಸಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಮೊದಲು ನೀರನ್ನು ಚೆನ್ನಾಗಿ ಕುದಿಸು ಎಂದು ಹೇಳಿಕೊಡತೊಡಗಿದಳು.